ಗದ್ದೆಗೆ ನೂರು ಗುಂಡಿ

"ಅಕ್ಕೋರೇ, ಸುಣ್ಣ ಹಾಕ್ಬೇಕು ಅನ್ನೂದು ನಮಗೂ ಗೊತ್ತುಂಟು. ಅದಕ್ಕೆ ನೂರು ಗುಂಡಿ ತೆಗೀಬೇಕಾ?"

ಗೌಡರು ತಲೆಯ ಮೇಲಿನ ಹಾಳೆಟೊಪ್ಪಿ ಸರಿಮಾಡಿಕೊಳ್ಳುತ್ತ ಕೇಳಿದರು. ಜೂನ್ ನಡುಭಾಗ. ಕುಮಟಾ ಮತ್ತು ಮಿರ್ಜಾನಿನ ನಡುವೆ, ಹೆದ್ದಾರಿ ಬಿಟ್ಟು ಅಘನಾಶಿನಿಯ ಕಡೆಗೆ ಇಳಿಯುವ ಒಂದು ಊರು. ನಾವು ಮೂವರು ಕೊಡೆ ಹಿಡಿದು ಬದುವಿನ ಮೇಲೆ ನಿಂತಿದ್ದೆವು. ಅಳತೆಯ ಟೇಪು, ಒಂದು ಕಟ್ಟು ಬಿದಿರು ಕಡ್ಡಿ, ಗುದ್ದಲಿ, ಸ್ಪಿರಿಟ್ ಬಾಟಲಿ, ಮುಚ್ಚಳದ ಮೇಲೆ ನಂಬರು ಬರೆದ ನೂರು ಪ್ಲಾಸ್ಟಿಕ್ ಕೊಳವೆ ನಮ್ಮ ಸಾಮಾನು. ಮಣ್ಣು ಪರೀಕ್ಷೆಯವರೆಂದರೆ ಗೌಡರಿಗೆ ಗೊತ್ತಿದ್ದ ಲೆಕ್ಕವೇ ಬೇರೆ: ನಾಲ್ಕಾರು ಕಡೆ ಕೆದಕಿ, ಎಲ್ಲ ಬೆರೆಸಿ, ಒಂದು ಚೀಲ ತುಂಬಿಸಿಕೊಂಡು ಹೋಗುತ್ತಾರೆ. ಆಮೇಲೆ ಯಾವಾಗಲೋ ಒಂದು ಕಾರ್ಡು ಬರುತ್ತದೆ.

ಸುಣ್ಣದ ಮಾತಿಗಿಂತ ಮುಂಚೆ ಇನ್ನೊಂದು ಸಂಶಯ ದಾಟಬೇಕಾಗಿತ್ತು. ನನ್ನ ಜತೆಗಿದ್ದ ಹುಡುಗ ಜಿಪಿಎಸ್ ಹಿಡಿದು ಗದ್ದೆಯ ನಾಲ್ಕು ಮೂಲೆಗೂ ನಡೆದದ್ದೇ ತಡ, ಆಚೆ ಮನೆಯ ಜಗಲಿಯಿಂದ ಇಬ್ಬರು ಇಳಿದು ಬಂದರು. "ಸೀಬರ್ಡಿನವರಾ, ಹೈವೇಯವರಾ?" ನಮ್ಮ ಕರಾವಳಿಯಲ್ಲಿ ಅಳೆಯಲು ಬಂದವರನ್ನು ಜನ ಹೀಗೇ ಕೇಳುತ್ತಾರೆ, ಕೇಳಲು ಅವರಿಗೆ ಕಾರಣವೂ ಇದೆ; ಸೀಬರ್ಡ್ ನೌಕಾನೆಲೆಗೂ ಹೆದ್ದಾರಿಗೂ ಇಲ್ಲಿ ಬಹಳ ಜನರ ಜಮೀನು ಹೋಗಿದೆ. ನಾನು ಇದೇ ಜಿಲ್ಲೆಯವಳು, ಹೊನ್ನಾವರದ ಕಡೆಯವಳು ಎಂದೆ. ಯಾರ ಮನೆ, ಯಾವ ಕೇರಿ ಎಂದೆಲ್ಲ ವಿಚಾರಿಸಿದರು. ಆಶಾ ಕಾರ್ಯಕರ್ತೆ ನಡುವೆ ಬಂದು "ಇವರು ಜ್ವರದ ಮಣ್ಣು ತಪಾಸ್ ಮಾಡುಕೆ ಬಂದವರು" ಎಂದರು. ಜ್ವರದ ಮಣ್ಣು! ಪ್ರಬಂಧದಲ್ಲಿ ಎರಡು ಪುಟ ಹಿಡಿಯುವ ವಿಷಯವನ್ನು ಆಕೆ ಎರಡು ಪದದಲ್ಲಿ ಮುಗಿಸಿಬಿಟ್ಟರು.

ನಾನು ಸೂಕ್ಷ್ಮಜೀವಿ ಶಾಸ್ತ್ರದವಳು. ಶ್ವಾಸಕೋಶದ ಸೋಂಕು, ರಕ್ತಕ್ಕಿಳಿಯುವ ಬ್ಯಾಕ್ಟೀರಿಯಾ ನನ್ನ ಕೆಲಸ. ಹುಡುಕಿಕೊಂಡು ಹೋಗಿದ್ದ ಜೀವಿಯ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ. ಅದು ತರುವ ಕಾಯಿಲೆ ಮೆಲಿಯಾಯ್ಡೋಸಿಸ್. ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಬದುಕುತ್ತದೆ. ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ, ಕಲುಷಿತ ನೀರಿನಿಂದ ಹೋಗುತ್ತದೆ, ಜೋರು ಗಾಳಿಮಳೆಯಲ್ಲಿ ಎದ್ದ ತುಂತುರಿನ ಜತೆ ಉಸಿರಿನಲ್ಲೂ ಹೋಗುತ್ತದೆ. ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅದು ನ್ಯುಮೋನಿಯಾ ಆಗಿಯೇ ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಕಾಯಿಲೆ, ಸಕ್ಕರೆ ಕಾಯಿಲೆಯವರನ್ನು ಹುಡುಕಿ ಹಿಡಿಯುವ ಕಾಯಿಲೆ. ಜಗತ್ತಿನಲ್ಲಿ ವರ್ಷಕ್ಕೆ 1,65,000 ಜನರಿಗೆ ತಗಲುತ್ತದೆ, 89,000 ಮಂದಿ ಸಾಯುತ್ತಾರೆ ಎಂದು 2016ರಲ್ಲಿ ಒಂದು ಅಂದಾಜು ಹೊರಬಂತು. ಅಂದಾಜು ಎಂದೆ, ಏಕೆಂದರೆ ಬಹಳ ಕಡೆ ಎಣಿಸುವವರೇ ಇಲ್ಲ.

ನನಗೆ ಈ ಹೆಸರು ಪುಸ್ತಕದಲ್ಲಿ ಪರಿಚಯವಾದದ್ದು, ಮನೆಯಲ್ಲಿ ಗುರುತಾದದ್ದು. ನಾನು ಎಂಎಸ್ಸಿ ಓದುತ್ತಿದ್ದಾಗ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ನಟ್ಟಿ ಮುಗಿದ ಮೇಲೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ, ಕೆಮ್ಮು. ಆರು ವಾರದಲ್ಲಿ ಅಂಗಿ ಹ್ಯಾಂಗರಿಗೆ ಹಾಕಿದಂತೆ ತೂಗತೊಡಗಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮಬ್ಬು. ಕಫದಲ್ಲಿ ಎರಡು ಸಲ ನೋಡಿದರೂ ಕ್ಷಯದ ಕ್ರಿಮಿ ಇಲ್ಲ, ಯಂತ್ರದ ಪರೀಕ್ಷೆಯಲ್ಲೂ ಇಲ್ಲ. ಆದರೂ ಫೋಟೋ ಟಿಬಿಯ ಹಾಗೇ ಇದೆ ಎಂದು ಆರು ತಿಂಗಳ ಮಾತ್ರೆ ಶುರುಮಾಡಿದರು. ಮೂರು ವಾರವಾದರೂ ಜ್ವರ ಜಗ್ಗಲಿಲ್ಲ.

ಈ ನಡುವೆ ಒಂದು ಖಾಸಗಿ ಲ್ಯಾಬಿನಲ್ಲಿ ಕಫದ ಕಲ್ಚರ್, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಆಗಿತ್ತು. ವರದಿ ಇಂದಿಗೂ ನನ್ನ ಹತ್ತಿರ ಇದೆ. "ಸ್ಯೂಡೋಮೊನಾಸ್ ಜಾತಿ, ಬಹುಶಃ ಕಲ್ಮಶ" ಎಂದು ಬರೆದು ಕೆಳಗೆ ಔಷಧಿಗಳ ಪಟ್ಟಿ ಹಾಕಿದ್ದರು. ಜೆಂಟಾಮೈಸಿನ್ ನಾಟುವುದಿಲ್ಲ. ಕೊಲಿಸ್ಟಿನ್ ನಾಟುವುದಿಲ್ಲ. ಅಮಾಕ್ಸಿಸಿಲಿನ್ ಜತೆ ಕ್ಲಾವುಲನೇಟ್ ನಾಟುತ್ತದೆ. ಸ್ಯೂಡೋಮೊನಾಸ್ ಬೇರೆಯದೇ ಬ್ಯಾಕ್ಟೀರಿಯಾ; ಸಾಮಾನ್ಯವಾಗಿ ಸಿಗುವ ಆ ಜಾತಿ ಆಗಿದ್ದರೆ ಈ ಪಟ್ಟಿಯ ಕೊನೆಯ ಎರಡು ಸಾಲು ತಿರುವುಮುರುವಾಗಿ ಇರಬೇಕಿತ್ತು. ಕಾಗದದಲ್ಲೇ ಉತ್ತರ ಇತ್ತು. ಆ ಲ್ಯಾಬಿನವರನ್ನು ಬಹಳ ದಿನ ಬೈದುಕೊಂಡಿದ್ದೇನೆ. ಆದರೆ ಆ ವರದಿಯನ್ನು ಮಾವನ ಹಾಸಿಗೆಯ ಪಕ್ಕ ಕೂತು ನಾನೂ ಓದಿದ್ದೆ, ಮೈಕ್ರೊಬಯಾಲಜಿ ಓದುವ ಹುಡುಗಿ ಎಂದು ಎಲ್ಲರೂ ನನ್ನ ಕೈಗೇ ಕೊಟ್ಟಿದ್ದರು. ನಾನೂ ಮಡಚಿಟ್ಟೆ.

ಆಮೇಲೆ ನಮ್ಮ ಜಿಲ್ಲೆಯವರು ಮಾಡುವುದನ್ನೇ ಮಾಡಿದೆವು, ಗಾಡಿ ಮಾಡಿಕೊಂಡು ದಕ್ಷಿಣಕ್ಕೆ, ದೊಡ್ಡ ಆಸ್ಪತ್ರೆಗಳ ಕಡೆಗೆ ಹೊರಟೆವು. ಅಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಗುಲ್ಮದಲ್ಲಿ ಕೀವಿನ ಸಣ್ಣ ಸಣ್ಣ ಗಂಟು ಕಂಡವು. ಸುದ್ದಿ ತಿಳಿದು ಬಂದ ಹಿರಿಯ ಪ್ರಾಧ್ಯಾಪಕಿ ಕೇಳಿದ್ದು ಎರಡೇ ಪ್ರಶ್ನೆ: "ಶುಗರ್ ಉಂಟಾ? ಗದ್ದೆ ಉಂಟಾ?" ರಕ್ತದ ಕಲ್ಚರಿನಲ್ಲಿ ನಾಲ್ಕನೇ ದಿನ ಹೆಸರು ಸಿಕ್ಕಿತು. ನಾಲ್ಕು ವಾರ ಸೆಫ್ಟಾಜಿಡೀಮ್ ನರಕ್ಕೆ, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ. ಅಗ್ಗದ ಹಳೆಯ ಮಾತ್ರೆ ಅದು, ಆದರೆ ನಡುವೆಯೇ ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದು. ಮಾವ ಬದುಕಿದರು. ಈಗಲೂ ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ನಮ್ಮ ಗದ್ದೆಯ ಮೇಲೆ ಕೇಸು ಹಾಕಿದ್ದಾಳೆ" ಎನ್ನುತ್ತಾರೆ.

ಕೇಸು ಹಾಕಿದ ಮೇಲೆ ಸಾಕ್ಷಿ ಬೇಕಲ್ಲ. ಮಣ್ಣಿನಿಂದ ಈ ಜೀವಿಯನ್ನು ಹೇಗೆ ತೆಗೆಯಬೇಕು ಎಂಬುದಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಒಂದು ಕ್ರಮ 2013ರಲ್ಲಿ ಪ್ರಕಟವಾಗಿದೆ. ಒಂದು ಗದ್ದೆಯಲ್ಲಿ ನೂರು ಗುಂಡಿ, ಉದ್ದಕ್ಕೆ ಹತ್ತು ಸಾಲು, ಅಡ್ಡಕ್ಕೆ ಹತ್ತು ಸಾಲು, ಸಮಾನ ಅಂತರ. ಪ್ರತಿ ಗುಂಡಿ 30 ಸೆಂಟಿಮೀಟರ್ ಆಳ. ತಳದಿಂದ ಹತ್ತು ಗ್ರಾಂ ಮಣ್ಣು. ಮೇಲಿನ ಪದರ ಬಿಸಿಲಿಗೆ ಒಣಗುತ್ತದೆ, ಈ ಜೀವಿಗೆ ಬೇಕಾದ ತೇವ ಇರುವುದು ಕೆಳಗೆ. ಒಂದೇ ಗದ್ದೆಯಲ್ಲಿ ಒಂದು ಗುಂಡಿಯಲ್ಲಿ ಸಿಕ್ಕಿ ಪಕ್ಕದ ಗುಂಡಿಯಲ್ಲಿ ಸಿಗದೇ ಹೋಗಬಹುದು, ಅದಕ್ಕೇ ನೂರು.

ಗುಂಡಿಗಳ ನಡುವೆ ಐದು ಮೀಟರ್ ಬಿಟ್ಟರೆ ಒಳ್ಳೆಯದು. ಆದರೆ ಐದು ಮೀಟರಿನ ಹತ್ತು ಸಾಲು ಹಿಡಿಸುವ ಗದ್ದೆ ನಮ್ಮ ಮಕ್ಕಿಯಲ್ಲಿ, ಮಳೆ ನಂಬಿದ ಈ ಸಣ್ಣ ಗದ್ದೆಗಳ ನಡುವೆ, ಎಲ್ಲಿಂದ ಬರಬೇಕು? ಗೌಡರ ಅತಿ ದೊಡ್ಡ ಗದ್ದೆಗೆ ಎರಡೂವರೆ ಮೀಟರಿನ ಚೌಕವೇ ಸರಿಹೋಯಿತು, ಐದು ಗುಂಟೆಯಷ್ಟು ಜಾಗ. ಕಡ್ಡಿ ನೆಟ್ಟೆವು, ದಾರ ಎಳೆದೆವು. ಮೊದಲ ದಿನ ಸಂಜೆಯೊಳಗೆ ನೂರೂ ಮುಗಿಯಿತು. ಆ ಖುಷಿ ಮೂರು ತಾಸು ಉಳಿಯಿತು.

ಮಾದರಿಯ ಪೆಟ್ಟಿಗೆಯನ್ನು ಕುಮಟಾ ತನಕ ಒಯ್ಯಲು ಒಬ್ಬ ರಿಕ್ಷಾದ ಹುಡುಗನಿಗೆ ಒಪ್ಪಿಸಿದ್ದೆ. ನಾವು ಕೈಕಾಲು ತೊಳೆದು, ಗೌಡರ ಮನೆಯ ಚಾ ಕುಡಿದು, ಹಿಂದಿನಿಂದ ಬಂದೆವು. ಪೇಟೆಯಲ್ಲಿ ಅವನು ನಗುನಗುತ್ತ ಪೆಟ್ಟಿಗೆ ಇಳಿಸಿದ. ನನ್ನ ಪೆಟ್ಟಿಗೆಯ ಬದಲು ಬಿಳಿಯ ಥರ್ಮೊಕೋಲ್ ಪೆಟ್ಟಿಗೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬಂಗಡೆಯ ವಾಸನೆ ಗಂ ಎಂದು ಬಂತು. "ಲ್ಯಾಬಿಗೆ ಹೋಗೂದು ಅಂದ್ರಲ್ಲ ಅಕ್ಕಾ. ಹಾಳಾಗೂಕಾಗ ಅಂತ ಮೀನು ಪ್ಯಾಟೆಲಿ ಐಸ್ ಹಾಕ್ಸಿದೆ. ದುಡ್ಡು ಬ್ಯಾಡ."

ಬೇರೆ ಯಾವ ಮಾದರಿಯಾಗಿದ್ದರೂ ಅವನನ್ನು ಹೊಗಳಬಹುದಿತ್ತು. ಈ ಜೀವಿಗೆ ಮಾತ್ರ ಥಂಡಿ ಆಗದು. ಮಣ್ಣನ್ನು ಬಿಸಿಲು ತಾಗದಂತೆ, ಹೊರಗಿನ ಸಾಧಾರಣ ಹವೆಯಲ್ಲೇ ಇಟ್ಟು ಒಯ್ಯಬೇಕು. ಐಸಿನಲ್ಲಿಟ್ಟ ಮಣ್ಣಿನಲ್ಲಿ ಏನೂ ಬೆಳೆಯದಿದ್ದರೆ ಇಲ್ಲದ್ದಕ್ಕೆ ಬೆಳೆಯಲಿಲ್ಲವೋ, ಸತ್ತದ್ದಕ್ಕೆ ಬೆಳೆಯಲಿಲ್ಲವೋ ಹೇಳುವವರು ಯಾರು? ನೂರೂ ಕೊಳವೆ ಎಸೆದೆವು. ತಪ್ಪು ನನ್ನದು, ಪೆಟ್ಟಿಗೆಯ ಮೇಲೆ ಒಂದು ಸಾಲು ಕನ್ನಡದಲ್ಲಿ ಬರೆದಂಟಿಸಿದ್ದರೆ ಮುಗಿದಿತ್ತು. ಈಗ ಬರೆಯುತ್ತೇನೆ: "ಐಸ್ ಹಾಕಬಾರದು. ಮೀನು ಅಲ್ಲ."

ಮತ್ತೆ ಹೋಗುವಷ್ಟರಲ್ಲಿ ಜುಲೈ ಬಂದಿತ್ತು. ಗೌಡರು ಗದ್ದೆ ಹೂಡಿ, ಕೆಸರು ಮಾಡಿ, ನೀರು ನಿಲ್ಲಿಸಿ ಇಟ್ಟಿದ್ದರು. ಎರಡು ದಿನದಲ್ಲಿ ನಟ್ಟಿ. ನಾನು ಸಂಗತಿ ಹೇಳಿದೆ.

"ಮತ್ತೆ ನೂರಾ?"

"ಮತ್ತೆ ನೂರು, ಗೌಡ್ರೇ."

ಅವರ ತಕರಾರು ನ್ಯಾಯವಾದದ್ದೇ. ಕೆಸರು ಮಾಡುವುದೆಂದರೆ ನೀರು ಇಂಗದಂತೆ ತಳ ಕಟ್ಟುವುದು. ತುಳಿದು ತುಳಿದು ಒಂದು ಗಟ್ಟಿ ಪದರ ಆಗಿರುತ್ತದೆ. ಅದನ್ನು ಒಂದಡಿ ಆಳಕ್ಕೆ ನೂರು ಕಡೆ ತೂತು ಮಾಡಿದರೆ ಗದ್ದೆ ಸೋರುತ್ತದೆ. ಮಳೆ ನಾಲ್ಕು ದಿನ ಹೊಳವಾದರೆ ಸಸಿ ಒಣಗುತ್ತದೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಇದರ ಬಗ್ಗೆ ನಾನು ಒಂದಕ್ಷರ ಓದಿದ ನೆನಪಿಲ್ಲ. ಕೊನೆಗೆ ಒಪ್ಪಂದವಾಯಿತು. ತೆಗೆದ ಮಣ್ಣು ತೆಗೆದ ವರಸೆಯಲ್ಲೇ ಹಿಂದಕ್ಕೆ ಹೋಗಬೇಕು, ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಆಮೇಲೆ ಹಿಮ್ಮಡಿಯಲ್ಲಿ ತುಳಿದು ಕೂರಿಸಬೇಕು. ತುಳಿಯುವುದು ಹೇಗೆಂದು ಗೌಡರ ಹೆಂಡತಿ ತೋರಿಸಿಕೊಟ್ಟರು.

ಒಂದು ಗುಂಡಿಯ ಕತೆ ಹೇಳಿದರೆ ನೂರರ ಕತೆ ಆಯಿತು. ಕಡ್ಡಿ ಕೀಳು. ಗುದ್ದಲಿಯನ್ನು ನೀರಲ್ಲಿ ತೊಳೆ, ಸ್ಪಿರಿಟಿನಲ್ಲಿ ಒರೆಸು, ಇಲ್ಲದಿದ್ದರೆ ಹಿಂದಿನ ಗುಂಡಿಯ ಜೀವಿ ಮುಂದಿನ ಗುಂಡಿಯ ಲೆಕ್ಕಕ್ಕೆ ಬೀಳುತ್ತದೆ. ಮೊದಲ ಗೇಣು ಪಾಯಸದಂಥ ಕೆಸರು, ತೋಡಿದಷ್ಟೂ ಕುಸಿದು ಮುಚ್ಚಿಕೊಳ್ಳುತ್ತದೆ. ಅದಕ್ಕೆ ತಳವಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬ ಒತ್ತಿ, ಒಳಗಿನ ನೀರು ಮೊಗೆದು ಹಾಕಿದೆವು. ಅದರ ಕೆಳಗೆ ಗಟ್ಟಿ ಪದರ, ಗುದ್ದಲಿ ಟಕ್ ಎನ್ನುತ್ತದೆ. ಅದನ್ನು ದಾಟಿದರೆ ಬೂದು ಬಣ್ಣದ ಮಣ್ಣು, ನಡುನಡುವೆ ತುಕ್ಕಿನ ಗೆರೆ, ಕೊಳೆತ ಬೇರಿನ ವಾಸನೆ. ಹೊಸ ಚಮಚದಲ್ಲಿ ಹತ್ತು ಗ್ರಾಂ ತೆಗೆದು ಕೊಳವೆಗೆ ಹಾಕು, ಮುಚ್ಚು, ನಂಬರು ಓದಿ ಹೇಳು, ಬರೆದುಕೋ. ಗುಂಡಿ ಮುಚ್ಚು. ತುಳಿ. ಮುಂದಿನ ಕಡ್ಡಿ. ಕೈಗೆ ಗ್ಲೌಸು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು.

ಬೂಟಿನ ಮಾತು ಬಂತು, ಹೇಳಿಬಿಡುತ್ತೇನೆ. ಗದ್ದೆಗೆ ಇಳಿಯುವವರು ಬೂಟು ಹಾಕಬೇಕು ಎಂದು ಎಲ್ಲ ಸಲಹೆಗಳಲ್ಲೂ ಇರುತ್ತದೆ, ನಾನೂ ಭಾಷಣಗಳಲ್ಲಿ ಹೇಳಿದ್ದೇನೆ. ಮೂರನೇ ಸಾಲಿನಲ್ಲಿ ನನ್ನ ಎಡಗಾಲು ಬಂತು, ಬೂಟು ಬರಲಿಲ್ಲ. ಎಳೆಯಲು ಹೋಗಿ ಕೂತೇಬಿಟ್ಟೆ. ಬದುವಿನ ಮೇಲೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಇಡೀ ದಿನ ಬಗ್ಗಿ ನಟ್ಟಿ ಮಾಡುವ ಇವರಿಗೆ ಕಾಲ್ಬೆರಳ ಸಂದಿಯಲ್ಲಿ ಕೆಸರು ತಿಂದ ಹುಣ್ಣು, ಹಿಮ್ಮಡಿಯಲ್ಲಿ ಒಡಕು. ಮದರಂಗಿ ಅರೆದು ಹಚ್ಚಿಕೊಳ್ಳುತ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ತೆರೆದಿಟ್ಟ ಬಾಗಿಲು ಎಂದು ನನಗೆ ಗೊತ್ತು. ಬೂಟು ಹಾಕಿ ಎನ್ನಲು ಮಾತ್ರ ಅವತ್ತು ಬಾಯಿ ಬರಲಿಲ್ಲ. ಗಾಯ ಇದ್ದವರು ವಾಸಿಯಾಗುವ ತನಕ ಇಳಿಯಬೇಡಿ, ಶುಗರ್ ಇದ್ದವರಿಗೆ ಜ್ವರ ಬಂದರೆ ತಡಮಾಡಬೇಡಿ, ಡಾಕ್ಟರ ಹತ್ತಿರ ಗದ್ದೆ ಕೆಲಸ ಮಾಡಿದ್ದನ್ನು ನೀವಾಗಿಯೇ ಹೇಳಿ ಎಂದಷ್ಟೇ ಹೇಳಿದೆ. ಅವರು ಕೇಳುವುದಿಲ್ಲ, ನೀವೇ ಹೇಳಿ.

ಕೊನೆಯ ಸಾಲಿಗೆ ಬರುವಾಗ ಗಾಳಿ ಎದ್ದು ಮಳೆ ಅಡ್ಡಡ್ಡ ಹೊಡೆಯತೊಡಗಿತು. ಬರೆಯುವ ಪುಸ್ತಕ ಒದ್ದೆಯಾಗುತ್ತದೆಂದು ಅವಸರ ಮಾಡಿದೆವು. ಒಂದೆರಡು ಗುಂಡಿಗಳನ್ನು ನಾನು ಸರಿಯಾಗಿ ತುಳಿಯಲಿಲ್ಲ.

ಜಗಲಿಯಲ್ಲಿ ಆಶಾ ಕಾರ್ಯಕರ್ತೆ ತನ್ನ ಚೀಲದಿಂದ ಶುಗರ್ ನೋಡುವ ಯಂತ್ರ ತೆಗೆದು ಎಲ್ಲರ ಬೆರಳು ಚುಚ್ಚುತ್ತಿದ್ದರು. ಗೌಡರು "ನಂಗೆಂತಾ ಇಲ್ಲ" ಎಂದು ಕೈ ಹಿಂದಕ್ಕೆಳೆದರು, ಹೆಂಡತಿ ಹಿಡಿದು ಕೊಟ್ಟರು. ಊಟವಾಗಿ ಎರಡು ತಾಸಾಗಿತ್ತು. 286 ತೋರಿಸಿತು. ಯಾರೂ ಮಾತಾಡಲಿಲ್ಲ. ಗೌಡರು ಯಂತ್ರವನ್ನು ತಿರುಗಿಸಿ ಹಿಂದೆಮುಂದೆ ನೋಡಿದರು.

ಮಾದರಿ ಈ ಸಲ ಐಸಿಲ್ಲದೆ ಲ್ಯಾಬು ಸೇರಿತು. ಪ್ರತಿ ಕೊಳವೆಗೆ ಕೊಲಿಸ್ಟಿನ್ ಬೆರೆಸಿದ ದ್ರವ ಹಾಕಿ 40 ಡಿಗ್ರಿಯಲ್ಲಿ ಎರಡು ದಿನ ಇಡುತ್ತೇವೆ. ಒಂದು ಚಿಟಿಕೆ ಮಣ್ಣಿನಲ್ಲಿ ಸಾವಿರ ಬಗೆಯ ಜೀವಿಗಳಿರುತ್ತವೆ, ಕೊಲಿಸ್ಟಿನ್ ಅವುಗಳಲ್ಲಿ ಬಹಳಷ್ಟನ್ನು ಹಿಂದಕ್ಕೆ ತಳ್ಳುತ್ತದೆ. ಮಾವನ ವರದಿಯಲ್ಲಿ "ನಾಟುವುದಿಲ್ಲ" ಎಂದಿದ್ದ ಅದೇ ಔಷಧ ಇಲ್ಲಿ ಜರಡಿ. ಆಮೇಲೆ ಮೇಲಿನ ತಿಳಿಯಿಂದ ಒಂದು ಹನಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸುವ ಪಾಕ ತುಂಬಿದ ಆಶ್‌ಡೌನ್ ಅಗಾರ್ ತಟ್ಟೆಗೆ ಎಳೆಯುತ್ತೇವೆ. ಅದರಲ್ಲಿ ಜೆಂಟಾಮೈಸಿನ್ ಉಂಟು, ನೇರಳೆ ಬಣ್ಣ ಉಂಟು, ಗ್ಲಿಸರಾಲ್ ಉಂಟು. ಎಲ್ಲ ಕೆಲಸ ಸುರಕ್ಷತಾ ಪೆಟ್ಟಿಗೆಯೊಳಗೆ ಕೈ ಹಾಕಿ. ನಮ್ಮ ಹಳೆಯ ತಲೆಮಾರಿನವರಿಗೆ ತಟ್ಟೆ ಮೂಸಿ ಬ್ಯಾಕ್ಟೀರಿಯಾ ಗುರುತಿಸುವ ಅಭ್ಯಾಸವಿತ್ತು. ಇಲ್ಲಿ ಮೂಸಿದರೆ ನಾವೇ ರೋಗಿ, ಮೂರು ವಾರ ಮಾತ್ರೆ ನುಂಗುತ್ತ ಕಾಯಬೇಕು.

ಮಾಮೂಲಿ ಲ್ಯಾಬಿನಲ್ಲಿ ತಟ್ಟೆಯನ್ನು ಒಂದೆರಡು ದಿನ ನೋಡಿ ಎಸೆಯುತ್ತಾರೆ. ಇದು ಮೊದಮೊದಲು ಸೂಜಿಮೊನೆಯಷ್ಟೇ ಇರುತ್ತದೆ. ಏಳು ದಿನ, ದಿನಾ ತೆಗೆದು ನೋಡಬೇಕು. ಐದನೇ ದಿನದ ಹೊತ್ತಿಗೆ ಅದು ನೇರಳೆಗೆ ತಿರುಗಿ, ಒಣಗಿ, ಸುಕ್ಕುಗಟ್ಟುತ್ತದೆ. ಪುಸ್ತಕಗಳಲ್ಲಿ ಹೂವಿನ ತಲೆಯ ಹಾಗೆ ಎಂದು ಬರೆದಿರುತ್ತಾರೆ. ನನಗೆ ಅದು ಬಿಸಿಲಿಗೆ ಹಾಕಿದ ಮುರುಗಲ ಸಿಪ್ಪೆಯ ಹಾಗೇ ಕಾಣುವುದು. ಮನೆಯಲ್ಲಿ ಮೇ ತಿಂಗಳಿಡೀ ಅಂಗಳದ ಚಾಪೆಯ ಮೇಲೆ ನೋಡಿ ಬೆಳೆದ ಬಣ್ಣ, ಅದೇ ಸುಕ್ಕು.

ಇದನ್ನು 1911ರಲ್ಲಿ ರಂಗೂನಿನಲ್ಲಿ ಮೊದಲು ಕಂಡವರು ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ. ಕಾಯಿಲೆಗೆ ವಿಟ್ಮೋರನ ಹೆಸರು ಅಂಟಿತು. ಕೃಷ್ಣಸ್ವಾಮಿಯ ಹೆಸರು ಅಡಿಟಿಪ್ಪಣಿಗೆ ಇಳಿಯಿತು. ನಾನು ಪಾಠ ಮಾಡುವಾಗ ಎರಡನ್ನೂ ಬೋರ್ಡಿನ ಮೇಲೆ ಬರೆಸುತ್ತೇನೆ.

ನಾಲ್ಕನೇ ದಿನ 63ನೇ ತಟ್ಟೆಯಲ್ಲಿ ಸುಕ್ಕು ಕಂಡಿತು.

ಎದೆ ಧಸಕ್ಕೆಂದಿತು ಎಂದರೆ ಸುಳ್ಳಲ್ಲ. ಹುಡುಗನನ್ನು ಕರೆದು ತೋರಿಸಿದೆ. ಆಕ್ಸಿಡೇಸ್ ಎಂಬ ಮೊದಲ ಪರೀಕ್ಷೆ ಸರಿ ಬಂತು. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ‘ಗ್ರಾಂ’ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಲಾಬಿ ಕಡ್ಡಿಗಳು, ಎರಡು ತುದಿ ಗಾಢ, ನಡು ಖಾಲಿ, ಸೇಫ್ಟಿ ಪಿನ್ನಿನ ಹಾಗೆ. ಇನ್ನುಳಿದದ್ದು ಲೇಟೆಕ್ಸ್ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಬಿಳಿಯ ದ್ರವದ ಒಂದು ಹನಿ, ಅದಕ್ಕೆ ತಟ್ಟೆಯಿಂದ ತೆಗೆದದ್ದನ್ನು ಬೆರೆಸಿ ಓಲಾಡಿಸಬೇಕು. ಹೌದಾದರೆ ಹಾಲು ಒಡೆದ ಹಾಗೆ ಕಣ್ಣೆದುರೇ ಕಾಳುಕಾಳಾಗುತ್ತದೆ. ಮಾವನ ಕಾಯಿಲೆಯ ಜೀವಿಯನ್ನು ರೋಗಿಗಳ ರಕ್ತದಿಂದ ಬೆಳೆಸಿ ಎಷ್ಟೋ ಸಲ ಒಡೆಯುವುದನ್ನು ನೋಡಿದ್ದೇನೆ. ಓಲಾಡಿಸಿದೆ. ಹಾಲು ಹಾಲಾಗಿಯೇ ಉಳಿಯಿತು. ಇನ್ನೊಮ್ಮೆ ಹೊಸ ಹನಿ. ಹಾಗೇ. ಹಿಂದಿನಿಂದ ಮಾಡಿದ ಪಿಸಿಆರ್ ಕೂಡ ಅದನ್ನೇ ಹೇಳಿತು. ಅದೇ ಕುಲದ ಯಾವುದೋ ನಿರುಪದ್ರವಿ ನೆಂಟ, ನಾವು ಹುಡುಕುತ್ತಿದ್ದವನಲ್ಲ. ಉಳಿದ ತಟ್ಟೆಗಳಲ್ಲಿ ಏಳನೇ ದಿನದ ತನಕ ಏನೂ ಇಲ್ಲ.

ಗೌಡರಿಗೆ ಫೋನು ಮಾಡಿದೆ. "ನಿಮ್ಮ ಗದ್ದೆಲಿ ಸಿಗಲಿಲ್ಲ."

"ಇಲ್ಲ ಅಂದಂಗಾಯ್ತು."

"ಇಲ್ಲ ಅಂತ ಅಲ್ಲ ಗೌಡ್ರೇ. ಸಿಗಲಿಲ್ಲ."

ಆಚೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಇದನ್ನು ಅನುದಾನ ಕೊಟ್ಟವರಿಗೆ ವಿವರಿಸುವುದು ಸುಲಭ, ಒಂದು ಕೋಷ್ಟಕ ಹಾಕಿದರೆ ಆಯಿತು. ಗದ್ದೆ ಕೊಟ್ಟವರಿಗೆ ಹೇಗೆ ಹೇಳಲಿ? ಈ ಗದ್ದೆಯಲ್ಲಿ, ಈ ತಿಂಗಳಲ್ಲಿ, ಈ ನೂರು ಚಮಚದಲ್ಲಿ ಸಿಗಲಿಲ್ಲ, ಆದ್ದರಿಂದ ಗಾಯ ಇದ್ದರೆ ಇಳಿಯಬೇಡಿ ಎಂದ ಮಾತು ಹಾಗೇ ಇರಲಿ ಎಂದೆ. ಶುಗರ್ ಮಾತ್ರೆ ತಗೊಳ್ತಾ ಇದ್ದೀರಾ ಎಂದು ಕೇಳಿದೆ. ಕುಮಟಾದಲ್ಲಿ ತೋರಿಸಿದ್ದಾರೆ, ಬೆಳಿಗ್ಗೆ ಒಂದು ರಾತ್ರಿ ಒಂದು. ಚಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತಿದ್ದಾರಂತೆ. ಬೆಲ್ಲವೂ ಬೇಡ ಎಂದು ಹೇಳಲು ಇನ್ನೊಂದು ಹತ್ತು ನಿಮಿಷ ಹಿಡಿಯಿತು.

"ಅದಿರ್ಲಿ ಅಕ್ಕೋರೇ," ಎಂದರು ಕೊನೆಗೆ. "ಪಡುವಣ ಮೂಲೆ ಗುಂಡಿ ತುಳಿದೋರು ಯಾರು?"

"ನಾನೇ."

"ಸೋರ್ತದೆ. ಮೂರು ದಿನ ಆಯ್ತು, ನೀರು ನಿಲ್ಲೂದಿಲ್ಲ. ನಮ್ಮನೇದು ಹೋಗಿ ಮತ್ತೆ ತುಳಿದು ಬಂತು." ಹಿಂದಿನಿಂದ ಅವರ ಹೆಂಡತಿ ಏನೋ ಹೇಳಿ ನಕ್ಕದ್ದು ಕೇಳಿಸಿತು. "ಬರೂ ವರ್ಷ ಬರೂದಾದ್ರೆ ನಟ್ಟಿಗೆ ಮುಂಚೆ ಬನ್ನಿ. ಬೂಟು ಮನೆಲೇ ಇಟ್ಟು ಬನ್ನಿ ಅಂತದೆ ಇದು."